ಕೋಣೆಯಿಂದ ಕೋಣೆಗೆ ವಿಡಿಯೋ: ಕಡಿಮೆ ಖರ್ಚಿನಲ್ಲಿ ಮನೆಯ ನೆಟ್‌ವರ್ಕ್ ಆರಿಸಿಕೊಳ್ಳುವ ಬಗೆ

ಮನೆಯ ಒಂದು ಕೋಣೆಯ ಕಂಪ್ಯೂಟರಿನಲ್ಲಿರುವ ವಿಡಿಯೋ ಇನ್ನೊಂದು ಕೋಣೆಯ ಟಿ.ವಿ.ಯಲ್ಲಿ ತಡೆತಡೆದು ಓಡುತ್ತಿದ್ದರೆ ಇಂಟರ್‌ನೆಟ್ ಪ್ಲಾನಿನ ವೇಗ ಹೆಚ್ಚಿಸಿಕೊಂಡು ಪ್ರಯೋಜನವಿಲ್ಲ. ತುಮಕೂರಿನ ಬಡಾವಣೆಗಳಲ್ಲಿ ಫೈಬರ್ ಸಂಪರ್ಕ ಸಾಮಾನ್ಯವಾದ ಮೇಲೆ ಅನೇಕರು ಮಾಡುತ್ತಿರುವುದು ಇದನ್ನೇ: ವಿಡಿಯೋ ನಿಂತಿತೆಂದರೆ ಸೇವೆ ಕೊಡುವವರಿಗೆ ಫೋನು ಮಾಡಿ ದುಬಾರಿ ಪ್ಲಾನಿಗೆ ಬದಲಾಗುತ್ತಾರೆ, ತಿಂಗಳು ತಿಂಗಳು ಹೆಚ್ಚು ಹಣ ಕಟ್ಟುತ್ತಾರೆ, ತೊಂದರೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಪಾಲಿಕೆಯ ನೀರು ಬಾರದ ದಿನವೂ ತಾರಸಿಯ ಟ್ಯಾಂಕಿನಿಂದ ನಲ್ಲಿಗೆ ನೀರು ಹರಿಯುವಂತೆ, ಮನೆಯೊಳಗಿನ ವಿಡಿಯೋ ಮನೆಯೊಳಗಿನ ದಾರಿಯಲ್ಲಿಯೇ ಸಾಗುತ್ತದೆ. ಹೊರಗಿನ ಸಂಪರ್ಕ ಪೂರ್ತಿ ಕಡಿದುಹೋಗಿದ್ದರೂ ಅದು ನಡೆಯಬೇಕು. ಆದ್ದರಿಂದ ಹಣ ಹಾಕಬೇಕಾದದ್ದು ಈ ಒಳದಾರಿಗೆ. ಒಮ್ಮೆ ಸರಿಯಾಗಿ ಹಾಕಿದರೆ ಮತ್ತೆ ಮತ್ತೆ ಹಾಕಬೇಕಾಗುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಗ ಬದಲಿಸದ ಸಾಧನಗಳಿಗೆ, ಅಂದರೆ ಟಿ.ವಿ.ಗೆ ಮತ್ತು ವಿಡಿಯೋಗಳನ್ನು ಇಟ್ಟಿರುವ ಕಂಪ್ಯೂಟರಿಗೆ, ತಂತಿಯೇ ಸರಿ. ಕೈಯಲ್ಲಿ ಹಿಡಿದು ಓಡಾಡುವ ಫೋನು, ಟ್ಯಾಬ್‌ಗಳಿಗೆ ವೈ-ಫೈ ಇರಲಿ. ತಂತಿ ಎಳೆಯಲು ಸಾಧ್ಯವೇ ಇಲ್ಲದ ಮನೆಯಲ್ಲಿ ಮಾತ್ರ ಉಳಿದ ಉಪಾಯಗಳನ್ನು ನೋಡಬೇಕು.

ಮೊದಲು ಲೆಕ್ಕ, ಆಮೇಲೆ ಅಂಗಡಿ

ನಿಮ್ಮ ವಿಡಿಯೋಗಳಿಗೆ ಎಷ್ಟು ವೇಗ ಬೇಕು ಎಂಬುದನ್ನು ಮನೆಯಲ್ಲಿಯೇ ಕುಳಿತು ಕಂಡುಕೊಳ್ಳಬಹುದು. ಕಡತದ ಗಾತ್ರವನ್ನು ಜಿ.ಬಿ.ಯಲ್ಲಿ ತೆಗೆದುಕೊಂಡು 8000ದಿಂದ ಗುಣಿಸಿ, ವಿಡಿಯೋದ ಅವಧಿಯನ್ನು ಸೆಕೆಂಡುಗಳಲ್ಲಿ ತೆಗೆದುಕೊಂಡು ಅದರಿಂದ ಭಾಗಿಸಿದರೆ, ಸೆಕೆಂಡಿಗೆ ಸರಾಸರಿ ಎಷ್ಟು ಮೆಗಾಬಿಟ್ ಹರಿಯಬೇಕೆಂಬುದು ಸಿಗುತ್ತದೆ. ಎರಡೂವರೆ ಗಂಟೆಯ ಒಂದು ಸಿನಿಮಾ ನಾಲ್ಕೂವರೆ ಜಿ.ಬಿ. ಇದ್ದರೆ 36,000ವನ್ನು 9000ದಿಂದ ಭಾಗಿಸಬೇಕು; ಉತ್ತರ 4 ಮೆಗಾಬಿಟ್. ಸ್ಟುಡಿಯೋದವರು ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಟ್ಟ ಮದುವೆಯ ವಿಡಿಯೋ ಮೂರು ಗಂಟೆಯದಾಗಿದ್ದು 27 ಜಿ.ಬಿ. ತೂಗಿದರೆ 20 ಮೆಗಾಬಿಟ್ ಬೇಕು. ಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ತೆಗೆದ ಒಂದು ನಿಮಿಷದ ತುಣುಕು 360 ಎಂ.ಬಿ. ಇದ್ದರೆ ಅದಕ್ಕೆ 48 ಮೆಗಾಬಿಟ್ ಬೇಕಾಗುತ್ತದೆ. ನೋಡಲು ಚಿಕ್ಕದೆನಿಸುವ ಈ ತುಣುಕೇ ಇಡೀ ಸಿನಿಮಾಕ್ಕಿಂತ ಹನ್ನೆರಡು ಪಟ್ಟು ಹೆಚ್ಚು ವೇಗ ಕೇಳುತ್ತದೆ ಎಂಬುದನ್ನು ಗಮನಿಸಬೇಕು. ಎಲ್ಲಕ್ಕಿಂತ ಭಾರವಾದದ್ದು 4ಕೆ ಬ್ಲೂ-ರೇ ಡಿಸ್ಕಿನಿಂದ ನೇರವಾಗಿ ಬಂದ ವಿಡಿಯೋ. ಆ ಮಾನದಂಡ 128 ಮೆಗಾಬಿಟ್‌ವರೆಗೂ ಹೋಗಲು ಅವಕಾಶ ಕೊಡುತ್ತದೆ.

ಹೀಗೆ ಸಿಗುವುದು ಸರಾಸರಿ. ಜಾತ್ರೆಯ ಜನಸಂದಣಿ, ಸುರಿಯುವ ಮಳೆ, ಪಟಾಕಿಯ ಬೆಳಕು ಇಂಥ ದೃಶ್ಯಗಳಲ್ಲಿ ಪರದೆಯ ಮೂಲೆಮೂಲೆಯೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಬೇಡಿಕೆ ಸರಾಸರಿಯನ್ನು ಮೀರಿ ಏರುತ್ತದೆ. ಸರಾಸರಿಯ ಎರಡರಷ್ಟು ವೇಗ ಸದಾ ಸಿಗುವಂತಿದ್ದರೆ ನಿಶ್ಚಿಂತೆಯಿಂದ ಇರಬಹುದು. ಹಾಗಾದರೆ ಸಾಮಾನ್ಯ ಮನೆಗೆ ಬೇಕಾದದ್ದು ಎಡೆಬಿಡದೆ ಸಿಗುವ 40ರಿಂದ 100 ಮೆಗಾಬಿಟ್ ಅಷ್ಟೆ. ಡಬ್ಬಿಯ ಮೇಲೆ ಸಾವಿರಗಟ್ಟಲೆ ಅಂಕಿ ಬರೆದ ದುಬಾರಿ ರೂಟರು (ಮನೆಗೆ ವೈ-ಫೈ ಹಂಚುವ ಪೆಟ್ಟಿಗೆ) ಈ ಕೆಲಸಕ್ಕೆ ಬೇಕಾಗಿಲ್ಲ. ಇಲ್ಲಿ ಗರಿಷ್ಠ ವೇಗಕ್ಕಿಂತ ಆ ವೇಗ ಒಂದೇ ಸಮನೆ ಸಿಗುವುದು ಮುಖ್ಯ.

ವೈ-ಫೈ ಎಲ್ಲಿ ಕೈಕೊಡುತ್ತದೆ

ಲ್ಯಾಪ್‌ಟಾಪ್ ಕೋಣೆಯಲ್ಲಿದೆ, ಟಿ.ವಿ. ಹಾಲ್‌ನಲ್ಲಿದೆ, ಎರಡೂ ವೈ-ಫೈಯಲ್ಲಿವೆ ಎಂದುಕೊಳ್ಳಿ. ವಿಡಿಯೋ ಲ್ಯಾಪ್‌ಟಾಪಿನಿಂದ ಟಿ.ವಿ.ಗೆ ನೇರವಾಗಿ ಹೋಗುವುದಿಲ್ಲ. ಮೊದಲು ರೂಟರಿಗೆ ಏರಿ, ಅಲ್ಲಿಂದ ಮತ್ತೆ ಟಿ.ವಿ.ಗೆ ಇಳಿಯುತ್ತದೆ. ಎರಡು ಪಯಣವೂ ಒಂದೇ ರೇಡಿಯೋ ಚಾನೆಲ್‌ನಲ್ಲಿ ನಡೆಯುವುದರಿಂದ, ಮತ್ತು ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಸಾಧನ ಮಾತನಾಡಬಹುದಾದ್ದರಿಂದ, ಸಿಗುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಎರಡರಲ್ಲಿ ಒಂದನ್ನು, ಸಾಮಾನ್ಯವಾಗಿ ವಿಡಿಯೋ ಇಟ್ಟಿರುವ ಕಂಪ್ಯೂಟರನ್ನು, ರೂಟರಿಗೆ ತಂತಿಯಲ್ಲಿ ಜೋಡಿಸಿದರೆ ಸಾಕು, ಉಳಿದ ವೈ-ಫೈ ಹಾದಿಯ ವೇಗ ಇಮ್ಮಡಿಯಾದಂತಾಗುತ್ತದೆ. ಬಹಳ ಮನೆಗಳಲ್ಲಿ ಆ ಕಂಪ್ಯೂಟರನ್ನು ರೂಟರಿನ ಪಕ್ಕಕ್ಕೆ ಸ್ಥಳಾಂತರಿಸಿ ಒಂದು ಮೀಟರಿನ ರೆಡಿಮೇಡ್ ಈಥರ್ನೆಟ್ (ನೆಟ್‌ವರ್ಕ್) ಕೇಬಲ್ ಸಿಕ್ಕಿಸಿದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಬೇರೆ ಏನನ್ನಾದರೂ ಕೊಳ್ಳುವ ಮೊದಲು ಈ ನೂರಿನ್ನೂರು ರೂಪಾಯಿಯ ಪ್ರಯೋಗ ಮಾಡಲೇಬೇಕು.

ಎರಡನೆಯದು ತರಂಗದ ಆಯ್ಕೆ: ಮನೆಯ ವೈ-ಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ಓಡುತ್ತದೆ. 2.4 ಗಿಗಾಹರ್ಟ್ಸ್ ಗೋಡೆಗಳನ್ನು ದಾಟುವುದರಲ್ಲಿ ಮುಂದು, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ ಮೂರು. ಮೂವತ್ತು-ನಲವತ್ತರ ಸೈಟುಗಳು ಗೋಡೆಗೆ ಗೋಡೆ ತಾಗಿಸಿ ನಿಂತಿರುವ ಬೀದಿಯಲ್ಲಿ ಫೋನು ತೆರೆದು ನೋಡಿದರೆ ಅಕ್ಕಪಕ್ಕದವರ, ಎದುರುಮನೆಯವರ, ಹಿಂದಿನ ರಸ್ತೆಯವರ ಹೆಸರುಗಳೆಲ್ಲ ಸಾಲಾಗಿ ಕಾಣುತ್ತವೆ. ಅವರೆಲ್ಲರೂ ಈ ಮೂರನ್ನೇ ಹಂಚಿಕೊಂಡಿರುತ್ತಾರೆ. ಸಾಲದ್ದಕ್ಕೆ ಮೈಕ್ರೋವೇವ್ ಓವನ್ ಮತ್ತು ಬ್ಲೂಟೂತ್ ಕೂಡ ಇದೇ ತರಂಗದಲ್ಲಿ ಇವೆ. ವಿಡಿಯೋಗೆ 5 ಗಿಗಾಹರ್ಟ್ಸ್ ಬೇಕು. ಅಲ್ಲಿ ಚಾನೆಲ್‌ಗಳು ಹೆಚ್ಚು, ನೆರೆಯವರ ಗದ್ದಲ ಕಡಿಮೆ. ಆದರೆ ಅದಕ್ಕೆ ಗೋಡೆಗಳು ಕಂಟಕ. ಒಂದು ಇಟ್ಟಿಗೆ ಗೋಡೆಯನ್ನು ದಾಟೀತು; ಆರ್.ಸಿ.ಸಿ. ಚಾವಣಿಯನ್ನು ದಾಟುವಷ್ಟರಲ್ಲಿ ಸೊರಗುತ್ತದೆ. ಹಳೆಯ ಪೇಟೆ ಬೀದಿಗಳ ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ, ಚಪ್ಪಡಿ ಹಾಸಿದ ಚಾವಣಿಯ ಕೆಳಗೆ, ಪಕ್ಕದ ಕೋಣೆಗೇ ಸರಿಯಾಗಿ ತಲುಪುವುದಿಲ್ಲ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕು ದಾರಿಗೆ ಅಡ್ಡ ಬಂದರೂ ಇದೇ ಕತೆ.

ನಿಮ್ಮ ಮನೆಯ ಸ್ಥಿತಿ ಹೇಗಿದೆಯೆಂದು ಊಹಿಸುವ ಬದಲು ಅಳೆಯುವುದು ಸುಲಭ. ವೈ-ಫೈ ಅನಲೈಸರ್ ಬಗೆಯ ಯಾವುದಾದರೂ ಉಚಿತ ಆ್ಯಪನ್ನು ಫೋನಿಗೆ ಹಾಕಿಕೊಂಡು, ಟಿ.ವಿ. ಇರುವ ಜಾಗದಲ್ಲಿಯೇ, ಸಾಧ್ಯವಾದರೆ ಟಿ.ವಿ.ಯ ಹಿಂಬದಿಯಲ್ಲಿಯೇ ಫೋನು ಹಿಡಿದು 5 ಗಿಗಾಹರ್ಟ್ಸ್ ಸಿಗ್ನಲ್ ಎಷ್ಟಿದೆ ಎಂದು ನೋಡಬೇಕು. ಅಂಕಿ ಋಣಾತ್ಮಕವಾಗಿರುತ್ತದೆ. -50ರ ಆಸುಪಾಸಿನಲ್ಲಿದ್ದರೆ ಬಹಳ ಚೆನ್ನ, -65ರವರೆಗೂ ವಿಡಿಯೋಗೆ ತೊಂದರೆಯಿಲ್ಲ, -70ನ್ನು ದಾಟಿ -75, -80 ಎಂದು ತೋರಿಸಿದರೆ ಆ ಜಾಗಕ್ಕೆ ವೈ-ಫೈಯನ್ನು ನೆಚ್ಚಿಕೊಳ್ಳಬಾರದು. ಬಾಗಿಲು ತೆರೆದಾಗ ಒಮ್ಮೆ, ಮುಚ್ಚಿದಾಗ ಒಮ್ಮೆ ನೋಡುವುದು ಒಳ್ಳೆಯದು. ವೈ-ಫೈಯನ್ನೂ ಕೊಡುವ ಫೈಬರಿನ ಪೆಟ್ಟಿಗೆಯನ್ನು ತಂತಿ ಒಳಬಂದ ಮೂಲೆಯಲ್ಲಿಯೋ, ಟಿ.ವಿ. ಸ್ಟ್ಯಾಂಡಿನ ಒಳಗಡೆಯೋ, ಬಾಗಿಲ ಮೇಲಿನ ಸಜ್ಜಾದಲ್ಲಿಯೋ ಇಟ್ಟುಹೋಗುವ ವಾಡಿಕೆಯಿದೆ. ಅದನ್ನು ಮನೆಯ ನಡುವಿಗೆ, ತಲೆಯ ಎತ್ತರಕ್ಕೆ, ಬಯಲಾಗಿ ಇಟ್ಟರೆ ಪೈಸೆ ಖರ್ಚಿಲ್ಲದೆ ಸಿಗ್ನಲ್ ಸುಧಾರಿಸುತ್ತದೆ. ಫೈಬರ್ ತಂತಿಯನ್ನು ಮಾತ್ರ ಚೂಪಾಗಿ ಮಡಿಸಬಾರದು. ಅದರೊಳಗಿರುವುದು ಗಾಜಿನ ಎಳೆ.

ಹಳೆಯ ಪೆಟ್ಟಿಗೆಯಲ್ಲಿ 2.4 ಮಾತ್ರ ಇದ್ದು ಹೊಸದನ್ನು ಕೊಳ್ಳಲೇಬೇಕಾದರೆ ಎಸಿ1200 ಎಂದು ನಮೂದಿಸಿರುವ ಸಾಧಾರಣ ರೂಟರು ಸಾಕು; ಅದು ಒಂದೂವರೆಯಿಂದ ಎರಡೂವರೆ ಸಾವಿರದೊಳಗೆ ಸಿಗುತ್ತದೆ. ಆ 1200 ಎಂಬುದು 2.4ರ 300 ಮತ್ತು 5ರ 867 ಎರಡನ್ನೂ ಕೂಡಿಸಿ ಬರೆದ ಅಂಕಿ. ಒಂದೇ ಸಾಧನಕ್ಕೆ ಇವೆರಡೂ ಒಟ್ಟಿಗೆ ಸಿಗುವುದಿಲ್ಲ, ಸಿಕ್ಕ 867ರಲ್ಲಿಯೂ ಒಂದೇ ಕೋಣೆಯಲ್ಲಿ ನಿಜವಾಗಿ ಕೈಗೆ ಬರುವುದು ಅರ್ಧದಷ್ಟು. ಅಷ್ಟಿದ್ದರೂ ನಮ್ಮ ಲೆಕ್ಕಕ್ಕೆ ಧಾರಾಳ. ಕೊಳ್ಳುವಾಗ ನೋಡಬೇಕಾದದ್ದು ಹಿಂಬದಿಯ ಲ್ಯಾನ್ ಪೋರ್ಟುಗಳನ್ನು, ಅಂದರೆ ಮನೆಯೊಳಗಿನ ಕೇಬಲ್ ಸಿಕ್ಕಿಸುವ ಕಿಂಡಿಗಳನ್ನು: ಅಗ್ಗದ ಮಾದರಿಗಳಲ್ಲಿ ಅವು 100 ಮೆಗಾಬಿಟ್‌ನವಾಗಿರುತ್ತವೆ, ಇನ್ನೂ ಕೆಲವು ನೂರು ಕೊಟ್ಟರೆ ಗಿಗಾಬಿಟ್ (1000 ಮೆಗಾಬಿಟ್) ಪೋರ್ಟುಗಳಿರುವುದು ಸಿಗುತ್ತದೆ. ಆ ಹೆಚ್ಚುವರಿ ಹಣ ಕೊಡಲು ಹಿಂಜರಿಯಬಾರದು.

ತಂತಿಯೇ ಅಗ್ಗ

ಮೂವತ್ತು-ನಲವತ್ತರ ಸೈಟೆಂದರೆ ಸುಮಾರು 9 ಮೀಟರಿಗೆ 12 ಮೀಟರ್. ಕೆಳಗಿನ ಹಾಲ್‌ನ ಮೂಲೆಯಿಂದ ಹೊರಟು, ಗೋಡೆಯಗುಂಟ ಏರಿ, ಮಹಡಿಯ ಕೊನೆಯ ಕೋಣೆ ಸೇರುವ ಕೇಬಲ್ಲಿಗೂ 30 ಮೀಟರು ಸಾಕಾಗುತ್ತದೆ. ಈಥರ್ನೆಟ್ ಕೇಬಲ್ಲಿನ ಮಿತಿ 100 ಮೀಟರ್. ಆದ್ದರಿಂದ ದೂರದ ಚಿಂತೆ ಇಲ್ಲ. ಒಳ್ಳೆಯ ಕ್ಯಾಟ್ 6 ದರ್ಜೆಯ ಕೇಬಲ್ ಮೀಟರಿಗೆ ಇಪ್ಪತ್ತು-ಮೂವತ್ತು ರೂಪಾಯಿಯ ಆಸುಪಾಸಿನಲ್ಲಿ ಬಿಡಿಯಾಗಿ ಸಿಗುತ್ತದೆ. ಅಂದರೆ ಕೇಬಲ್ಲಿನ ಖರ್ಚು ಸಾವಿರದ ಒಳಗೆ. ಕ್ಯಾಟ್ 5ಇ ಕೂಡ ಸೆಕೆಂಡಿಗೆ ಒಂದು ಗಿಗಾಬಿಟ್ ಹೊರುತ್ತದೆ. ಮನೆಯಲ್ಲಿ ಈಗಾಗಲೇ ಅದಿದ್ದರೆ ಕಿತ್ತು ಬದಲಿಸುವ ಅಗತ್ಯವಿಲ್ಲ. ಹೊಸದಾಗಿ ಎಳೆಯುವಾಗ ಬೆಲೆಯ ವ್ಯತ್ಯಾಸ ಅಲ್ಪವಾದ್ದರಿಂದ ಕ್ಯಾಟ್ 6 ಹಾಕಿಸಿದರಾಯಿತು. ಕ್ಯಾಟ್ 7, ಕ್ಯಾಟ್ 8 ಎಂದು ಬರೆದು ಮಾರುವವುಗಳಿಗೆ ಈ ಕೆಲಸದಲ್ಲಿ ಜಾಗವಿಲ್ಲ.

ಎಚ್ಚರ ವಹಿಸಬೇಕಾದದ್ದು ಒಳಗಿನ ಲೋಹದ ವಿಷಯದಲ್ಲಿ. ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರದ ಲೇಪ ಕೊಟ್ಟ ಕೇಬಲ್ಲುಗಳೂ ತಾಮ್ರದ ಬಣ್ಣದಲ್ಲಿಯೇ ಹೊಳೆಯುತ್ತ ಕುಳಿತಿರುತ್ತವೆ. ವ್ಯಾಪಾರಿಗಳು ಅವುಗಳನ್ನು ಸಿ.ಸಿ.ಎ. ಎನ್ನುತ್ತಾರೆ. ಅಂಗಡಿಯಲ್ಲಿಯೇ ಒಂದಿಂಚು ಹೊರಗವಚ ಸುಲಿಸಿ, ಒಳಗಿನ ಒಂದು ಎಳೆಯ ಬಣ್ಣದ ಹೊದಿಕೆಯನ್ನೂ ತೆಗೆದು, ಬ್ಲೇಡಿನ ಮೊನೆಯಿಂದ ಆ ಲೋಹವನ್ನು ಕೆರೆದು ನೋಡಬೇಕು. ಶುದ್ಧ ತಾಮ್ರವಾದರೆ ಎಷ್ಟು ಕೆರೆದರೂ ಕೆಂಪಾಗಿಯೇ ಇರುತ್ತದೆ. ಲೇಪವಾದರೆ ಎರಡು ಗೀರಿಗೇ ಬೆಳ್ಳಗಿನ ಲೋಹ ಇಣುಕುತ್ತದೆ. ಅದೇ ಎಳೆಯನ್ನು ಬೆರಳಲ್ಲಿ ಹಿಂದಕ್ಕೂ ಮುಂದಕ್ಕೂ ಹಲವು ಸಲ ಮಡಿಸಿದರೆ ಅಲ್ಯೂಮಿನಿಯಂ ಪಟ್ಟೆಂದು ಮುರಿಯುತ್ತದೆ, ತಾಮ್ರ ಬಹಳ ಹೊತ್ತು ತಾಳುತ್ತದೆ. ಲೇಪದ ಕೇಬಲ್ಲಿಗೆ ವಿದ್ಯುತ್ ರೋಧ ಹೆಚ್ಚು, ತಿರುವುಗಳಲ್ಲಿ ಒಳಗೊಳಗೇ ತುಂಡಾಗುವ ಗುಣವೂ ಇದೆ. ಗೋಡೆಯೊಳಗೆ ಸೇರಿಸಿ ಗಾರೆ ಮೆತ್ತಿದ ಮೇಲೆ ಅಂಥದ್ದು ಕೆಟ್ಟರೆ ಉಳಿಸಿದ ಇನ್ನೂರು ರೂಪಾಯಿಗೆ ಹತ್ತು ಪಟ್ಟು ದಂಡ ತೆರಬೇಕಾಗುತ್ತದೆ. ತುಮಕೂರಿನ ಅಂಗಡಿಗಳಲ್ಲಿಯೇ ಕೇಳಿದರೆ ಶುದ್ಧ ತಾಮ್ರದ್ದು ಸಿಗುತ್ತದೆ. ಇಡೀ 305 ಮೀಟರಿನ ಪೆಟ್ಟಿಗೆಯೇ ಬೇಕಾದವರು, ನಾಲ್ಕಾರು ಮನೆಯವರು ಸೇರಿ ಕೊಳ್ಳುವವರು, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬಂದರೆ ಲಾಭವಿದೆ.

ಕೇಬಲ್ ಯಾವ ದಾರಿಯಲ್ಲಿ ಹೋಗಬೇಕೆಂಬುದು ಮನೆಯಿಂದ ಮನೆಗೆ ಬೇರೆ. ಮನೆ ಕಟ್ಟಿಸುವಾಗ ಹಳೆಯ ಲ್ಯಾಂಡ್‌ಲೈನಿಗೋ ಕೇಬಲ್ ಟಿ.ವಿ.ಗೋ ಹಾಕಿಸಿದ ಪೈಪು ಗೋಡೆಯೊಳಗೆ ಖಾಲಿ ಬಿದ್ದಿದ್ದರೆ ಅದೇ ಅತ್ಯುತ್ತಮ ದಾರಿ. ಒಳಗಿರುವ ಹಳೆಯ ತಂತಿಯ ತುದಿಗೆ ಹೊಸ ಕೇಬಲನ್ನು ಬಿಗಿದು ಟೇಪು ಸುತ್ತಿ ಇನ್ನೊಂದು ಕಡೆಯಿಂದ ಎಳೆದರೆ ಹಳೆಯದು ಹೊರಬರುತ್ತ ಹೊಸದು ಒಳಸೇರುತ್ತದೆ. ಆದರೆ ದೀಪ, ಫ್ಯಾನುಗಳ 230 ವೋಲ್ಟಿನ ತಂತಿಯಿರುವ ಪೈಪಿನಲ್ಲಿ ಇದನ್ನು ಸೇರಿಸಲೇಕೂಡದು. ಎಲೆಕ್ಟ್ರಿಷಿಯನ್ "ಏನೂ ಆಗೋದಿಲ್ಲ ಸಾರ್" ಎಂದರೂ ಒಪ್ಪಬಾರದು: ಎಲ್ಲಿಯಾದರೂ ಹೊದಿಕೆ ಸವೆದು ಎರಡೂ ತಾಗಿದರೆ ಟಿ.ವಿ., ಕಂಪ್ಯೂಟರುಗಳಷ್ಟೇ ಅಲ್ಲ, ಅವುಗಳನ್ನು ಮುಟ್ಟಿದವರ ಜೀವಕ್ಕೂ ಅಪಾಯ. ಖಾಲಿ ಪೈಪು ಇಲ್ಲದಿದ್ದರೆ ಬಾಗಿಲಿನ ಚೌಕಟ್ಟಿನ ಪಕ್ಕ, ಸ್ಕರ್ಟಿಂಗಿನ ಮೇಲೆ, ಬಿಳಿಯ ಪಿ.ವಿ.ಸಿ. ಕೇಸಿಂಗ್ ಪಟ್ಟಿಯೊಳಗೆ ಕೂರಿಸಿ ಒಯ್ಯಬಹುದು. ಮಹಡಿಗೆ ಒಳಗಿನಿಂದ ದಾರಿಯೇ ಇಲ್ಲವೆಂದಾದರೆ ಕಿಟಕಿಯ ಚೌಕಟ್ಟಿನಲ್ಲಿ ರಂಧ್ರ ಮಾಡಿ ಹೊರಗೋಡೆಯ ಮೇಲೆ ಏರಿಸಬೇಕಾಗುತ್ತದೆ. ಆಗ ಬಿಸಿಲು ತಾಳುವ ಕಪ್ಪು ಹೊರಗವಚದ ಕೇಬಲ್ಲನ್ನೇ ಕೊಳ್ಳಬೇಕು, ರಂಧ್ರ ಹೊರಬದಿಗೆ ತುಸು ಇಳಿಜಾರಾಗಿರಬೇಕು, ಮತ್ತು ಒಳಹೋಗುವ ಮುನ್ನ ಕೇಬಲ್ಲನ್ನು ಒಂದು ಗೇಣು ಕೆಳಕ್ಕೆ ಜೋಲುಬಿಟ್ಟು ಮೇಲೆ ತಿರುಗಿಸಬೇಕು. ಮಳೆಯ ನೀರು ಆ ಜೋಲಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರುವುದಿಲ್ಲ. ಕೋತಿಗಳ ಕಾಟವಿರುವ ಬಡಾವಣೆಗಳಲ್ಲಿ ಹೊರಗಿನ ಭಾಗವನ್ನು ಪೂರ್ತಿ ಪೈಪಿನೊಳಗೆ ಸೇರಿಸುವುದೇ ಕ್ಷೇಮ.

ಕೇಬಲ್ಲಿನ ತುದಿಗೆ ಆರ್‌ಜೆ 45 ಕನೆಕ್ಟರ್, ಅಂದರೆ ಪೋರ್ಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಮೂತಿ, ಕೂರಿಸುವ ಕೆಲಸಕ್ಕೆ ಸಿ.ಸಿ. ಕ್ಯಾಮೆರಾ ಹಾಕುವವರನ್ನು ಕರೆಯಬಹುದು. ಕನೆಕ್ಟರನ್ನು ಅದುಮಿ ಕೂರಿಸುವ ಕ್ರಿಂಪಿಂಗ್ ಉಪಕರಣ ಮತ್ತು ಟೆಸ್ಟರ್ ಅವರ ಚೀಲದಲ್ಲಿಯೇ ಇರುತ್ತವೆ. ತಾವೇ ಮಾಡಿಕೊಳ್ಳುವವರು ಕನೆಕ್ಟರಿನ ಕ್ಲಿಪ್ಪು ಕೆಳಮುಖವಾಗಿ, ಕೇಬಲ್ ತೂರಿಸುವ ಬಾಯಿ ತಮ್ಮ ಕಡೆಗಿರುವಂತೆ ಹಿಡಿದು, ಎಡದಿಂದ ಬಲಕ್ಕೆ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಎಳೆಗಳನ್ನು ಜೋಡಿಸಬೇಕು; ಎರಡೂ ತುದಿಯಲ್ಲಿ ಇದೇ ಕ್ರಮ. ಜೋಡಿಯೆಳೆಗಳ ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಏಕೆಂದರೆ ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಬೆರೆಯದಂತೆ ಕಾಯುವುದು ಆ ಹೊಸೆತವೇ. ಹೊರಗವಚವೂ ಕನೆಕ್ಟರಿನೊಳಗೆ ಸೇರಿ ಅದುಮಿಕೊಂಡಿರಬೇಕು. ಬರೀ ಎಳೆಗಳು ಹೊರಗೆ ಕಾಣುತ್ತಿದ್ದರೆ ನಾಲ್ಕು ಸಲ ಎಳೆದಾಡುವಷ್ಟರಲ್ಲಿ ಕಳಚಿಕೊಳ್ಳುತ್ತವೆ.

ಇನ್ನು ಸ್ವಿಚ್ಚಿನ ವಿಷಯ. ಇದು ದೀಪದ ಸ್ವಿಚ್ಚಲ್ಲ, ಹಲವು ನೆಟ್‌ವರ್ಕ್ ಕೇಬಲ್ಲುಗಳನ್ನು ಒಂದಕ್ಕೊಂದು ಸೇರಿಸುವ ಚಿಕ್ಕ ಪೆಟ್ಟಿಗೆ. ಐದು ಪೋರ್ಟಿನ ಸಾದಾ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ಸಾವಿರದಿಂದ ಒಂದೂವರೆ ಸಾವಿರದೊಳಗೆ ಸಿಗುತ್ತದೆ, ಅದಕ್ಕೆ ಸೆಟ್ಟಿಂಗ್ ಏನೂ ಬೇಕಿಲ್ಲ. ಫೈಬರ್ ಪೆಟ್ಟಿಗೆಯ ಪೋರ್ಟುಗಳು 100 ಮೆಗಾಬಿಟ್‌ನವಾಗಿದ್ದರೂ ಚಿಂತಿಸಬೇಕಾಗಿಲ್ಲ: ಕಂಪ್ಯೂಟರ್ ಮತ್ತು ಟಿ.ವಿ. ಎರಡನ್ನೂ ಈ ಸ್ವಿಚ್ಚಿಗೆ ಸಿಕ್ಕಿಸಿ, ಸ್ವಿಚ್ಚಿನಿಂದ ಒಂದು ಕೇಬಲನ್ನು ಪೆಟ್ಟಿಗೆಗೆ ಕೊಟ್ಟರೆ, ಮನೆಯೊಳಗಿನ ವಿಡಿಯೋ ಸ್ವಿಚ್ಚಿನಲ್ಲಿಯೇ ತಿರುಗಿ ಟಿ.ವಿ. ಸೇರುತ್ತದೆ, ಪೆಟ್ಟಿಗೆಯ ಕಡೆ ಹೋಗುವುದೇ ಇಲ್ಲ.

ಒಂದು ಅಪವಾದವನ್ನು ಇಲ್ಲಿ ಹೇಳಬೇಕು. ಬಹಳಷ್ಟು ಸ್ಮಾರ್ಟ್ ಟಿ.ವಿ.ಗಳ ಲ್ಯಾನ್ ಪೋರ್ಟು ಇಂದಿಗೂ 100 ಮೆಗಾಬಿಟ್‌ನದೇ. ಅದರಲ್ಲಿ ನಿಜವಾಗಿ ಹರಿಯುವುದು 94ರ ಆಸುಪಾಸು. ಮದುವೆಯ ವಿಡಿಯೋಗೆ, ಫೋನಿನ 4ಕೆ ತುಣುಕಿಗೆ ಇದು ಸಾಕು. ಡಿಸ್ಕಿನಿಂದ ನೇರ ಬಂದ ಭಾರದ 4ಕೆ ಕಡತಗಳನ್ನು ಕೂಡಿಟ್ಟಿರುವವರು ಮಾತ್ರ ಟಿ.ವಿ.ಯ ಪೋರ್ಟನ್ನು ನಂಬದೆ, ಗಿಗಾಬಿಟ್ ಪೋರ್ಟಿರುವ ಪ್ರತ್ಯೇಕ ಪ್ಲೇಯರ್ ಪೆಟ್ಟಿಗೆಯನ್ನು ನೋಡಬೇಕು. ಸಿಗ್ನಲ್ ಚೆನ್ನಾಗಿದ್ದರೆ ಅದೇ ಟಿ.ವಿ.ಯ 5 ಗಿಗಾಹರ್ಟ್ಸ್ ವೈ-ಫೈ ಅದರ ತಂತಿಯ ಪೋರ್ಟಿಗಿಂತ ವೇಗವಾಗಿರುವುದೂ ಉಂಟು.

ಗೋಡೆ ಕೊರೆಯಲಾಗದ ಬಾಡಿಗೆ ಮನೆಗಳಿಗೆ

ಬಾಡಿಗೆ ಮನೆಯವರಿಗೆ ಮೊದಲ ಸಲಹೆಯೂ ತಂತಿಯೇ: ಬಾಗಿಲ ಸಂದಿನಲ್ಲಿ ತೂರುವ ಚಪ್ಪಟೆ ಕೇಬಲ್ ಮತ್ತು ಅಂಟಿಸುವ ಕ್ಲಿಪ್ಪುಗಳಿಂದ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ ಕೆಲಸ ಮುಗಿಸಬಹುದು. ಅದೂ ಆಗದಿದ್ದಾಗ ಉಳಿಯುವುದು ಮೆಶ್ ವೈ-ಫೈ ಮತ್ತು ಪವರ್‌ಲೈನ್.

ಮೆಶ್ ಎಂದರೆ ಎರಡೋ ಮೂರೋ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತನಾಡಿಕೊಂಡು ಮನೆಗೆಲ್ಲ ಒಂದೇ ಹೆಸರಿನ ವೈ-ಫೈ ಕೊಡುವ ವ್ಯವಸ್ಥೆ. ಐದಾರು ಸಾವಿರದಿಂದ ಆರಂಭವಾಗುತ್ತದೆ. ಅಗ್ಗದ ಮಾದರಿಗಳಲ್ಲಿ ಪೆಟ್ಟಿಗೆಯಿಂದ ಪೆಟ್ಟಿಗೆಗೂ, ಪೆಟ್ಟಿಗೆಯಿಂದ ಟಿ.ವಿ.ಗೂ ಅದೇ ರೇಡಿಯೋ ದುಡಿಯುವುದರಿಂದ ಮೇಲೆ ಹೇಳಿದ ಅರ್ಧದ ಲೆಕ್ಕ ಇಲ್ಲಿಯೂ ಅನ್ವಯಿಸುತ್ತದೆ. ಎರಡನೆಯ ಪೆಟ್ಟಿಗೆಯನ್ನು ಸಿಗ್ನಲ್ ಬಾರದ ಕೋಣೆಯಲ್ಲಿಯೇ ಇಡುವುದು ಸಾಮಾನ್ಯ ತಪ್ಪು. ಅದಕ್ಕೇ ಸಿಗ್ನಲ್ ಬಾರದಿದ್ದರೆ ಅದು ಇತರರಿಗೆ ಏನು ಕೊಟ್ಟೀತು? ರೂಟರಿಗೂ ಟಿ.ವಿ.ಗೂ ನಡುವೆ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವಲ್ಲಿ ಅದನ್ನು ಇಡಬೇಕು. ಪೆಟ್ಟಿಗೆಯ ಹಿಂದೆ ಲ್ಯಾನ್ ಪೋರ್ಟು ಇರುವ ಮಾದರಿಯನ್ನೇ ಆರಿಸಿ ಟಿ.ವಿ.ಯನ್ನು ಅದಕ್ಕೆ ತಂತಿಯಲ್ಲಿ ಸೇರಿಸುವುದು ಉತ್ತಮ. 2.4 ಒಂದನ್ನೇ ಬಳಸುವ, ಸಾವಿರ ರೂಪಾಯಿಯ ಸಿಂಗಲ್ ಬ್ಯಾಂಡ್ ರಿಪೀಟರುಗಳು ಫೋನಿನಲ್ಲಿ ಸಂದೇಶ ನೋಡಲು ಆದಾವು, ವಿಡಿಯೋಗೆ ಅಲ್ಲ.

ಪವರ್‌ಲೈನ್ ಸಾಧನಗಳು ಮನೆಯ ಕರೆಂಟಿನ ತಂತಿಯಲ್ಲಿಯೇ ಡೇಟಾ ಕಳಿಸುತ್ತವೆ. ಕೇಳಲು ಚೆಂದ, ಆದರೆ ನಮ್ಮ ಮನೆಗಳ ವೈರಿಂಗ್ ಇದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಯು.ಪಿ.ಎಸ್. ಲೈನಿನಲ್ಲಿರುವ ಪ್ಲಗ್ಗಿಗೂ ನೇರ ಬೆಸ್ಕಾಂ ಲೈನಿನ ಪ್ಲಗ್ಗಿಗೂ ನಡುವೆ ಇನ್ವರ್ಟರ್ ಕುಳಿತಿರುವುದರಿಂದ ಸಂಕೇತ ದಾಟುವುದು ಕಷ್ಟ; ಮೂರು ಫೇಸಿನ ಮನೆಯಲ್ಲಿ ಎರಡು ಕೋಣೆ ಬೇರೆ ಬೇರೆ ಫೇಸಿನಲ್ಲಿದ್ದರೂ ಇದೇ ತೊಡಕು; ಸ್ಪೈಕ್ ಗಾರ್ಡಿಗೆ ಸಿಕ್ಕಿಸಿದರೆ ಅದರ ಫಿಲ್ಟರು ಸಂಕೇತವನ್ನೇ ನುಂಗುತ್ತದೆ. ಡಬ್ಬಿಯ ಮೇಲಿನ 1000 ಎಂಬ ಅಂಕಿಯಲ್ಲಿ ಐದರಲ್ಲೊಂದು ಭಾಗ ಸಿಕ್ಕರೆ ಪುಣ್ಯ ಎನ್ನಬೇಕು. ಹಿಂದಿರುಗಿಸಲು ಅವಕಾಶವಿರುವ ಕಡೆ ಮಾತ್ರ ಕೊಂಡು, ಗೋಡೆಯ ಸಾಕೆಟ್ಟಿಗೇ ನೇರವಾಗಿ ಸಿಕ್ಕಿಸಿ ನೋಡಬೇಕು. ಡಿಶ್ ತಂತಿಯನ್ನು ಬಳಸಿಕೊಳ್ಳುವ ಮೋಕಾ ಎಂಬ ಇನ್ನೊಂದು ವಿಧಾನವಿದೆ, ಡಿ.ಟಿ.ಎಚ್. ಸಂಕೇತ ಓಡುವ ಆವರ್ತನವೂ ಅದರದೂ ಒಂದರ ಮೇಲೊಂದು ಬೀಳುವುದರಿಂದ ಬಳಕೆಯಲ್ಲಿರುವ ಡಿಶ್ ತಂತಿಯಲ್ಲಿ ಅದು ಆಗದು.

ತೋಟದ ಮನೆ ಇರುವವರಿಗೆ

ಗುಬ್ಬಿ, ತಿಪಟೂರಿನ ಕಡೆಯ ತೆಂಗು-ಅಡಿಕೆ ತೋಟಗಳಲ್ಲಿ ದೊಡ್ಡಮನೆಯಿಂದ ಕೊಟ್ಟಿಗೆಯ ಮೇಲಿನ ಕೋಣೆಗೋ ಪಕ್ಕದ ಹೊಸಮನೆಗೋ ಸಂಪರ್ಕ ಬೇಕೆನ್ನುವವರು ತಾಮ್ರದ ಕೇಬಲ್ಲನ್ನು ಬಯಲಲ್ಲಿ ಎಳೆಯಬಾರದು. ಮುಂಗಾರಿಗೆ ಮೊದಲು, ಏಪ್ರಿಲ್-ಮೇ ತಿಂಗಳಿನಲ್ಲಿ ಬರುವ ಗುಡುಗು-ಸಿಡಿಲಿನ ಮಳೆಗಳಲ್ಲಿ ಎರಡು ಕಟ್ಟಡಗಳ ನಡುವಿನ ಲೋಹದ ತಂತಿ ಎರಡೂ ಕಡೆಯ ಸಾಧನಗಳನ್ನು ಒಟ್ಟಿಗೆ ಸುಡಬಲ್ಲದು. ಲೋಹದ ಎಳೆಯಿಲ್ಲದ ಫೈಬರ್ ಕೇಬಲ್, ಎರಡು ತುದಿಗೆ ಫೈಬರಿನ ಸಂಕೇತವನ್ನು ಈಥರ್ನೆಟ್‌ಗೆ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್ ಹಾಕಿದರೆ ಸಿಡಿಲಿನ ಮಿಂಚು ಆ ದಾರಿಯಲ್ಲಿ ಬರುವುದಿಲ್ಲ, 100 ಮೀಟರಿನ ಮಿತಿಯೂ ಇರುವುದಿಲ್ಲ. ಎದುರುಬದುರು ನೇರವಾಗಿ ಕಾಣುವಂತಿದ್ದರೆ ಒಂದಕ್ಕೊಂದು ಮುಖಮಾಡಿ ತಂತಿಯಿಲ್ಲದೆ ಸಂಪರ್ಕ ಕೊಡುವ ಹೊರಾಂಗಣದ ವೈರ್‌ಲೆಸ್ ಬ್ರಿಡ್ಜ್ ಜೋಡಿಯೂ ಆಗುತ್ತದೆ, ಆದರೆ ನಡುವೆ ತೆಂಗಿನ ಗರಿ ತೂಗುತ್ತಿರಬಾರದು.

ಹಳೆಯ ರೂಟರನ್ನು ಎಸೆಯಬೇಡಿ

ಮಹಡಿಗೆ ಕೇಬಲ್ ತಲುಪಿದ ಮೇಲೆ ಅದರ ತುದಿಗೆ ಮನೆಯಲ್ಲಿ ಬಿದ್ದಿರುವ ಹಳೆಯ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಎರಡೂ ಇರುವ) ರೂಟರನ್ನು ಹಚ್ಚಿದರೆ ಮೇಲಿನ ಫೋನುಗಳಿಗೂ ಗಟ್ಟಿ ವೈ-ಫೈ ಸಿಗುತ್ತದೆ. ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈ-ಫೈ ಹಂಚುವ ಸ್ಥಿತಿ) ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ ಮೂರು ಬದಲಾವಣೆ ಬೇಕು: ಅದರ ಲ್ಯಾನ್ ವಿಳಾಸವನ್ನು ಮುಖ್ಯ ಪೆಟ್ಟಿಗೆಯ ಸರಣಿಯಲ್ಲಿಯೇ ಬೇರೆಯಾಗಿಸಬೇಕು, ಅಂದರೆ ಮುಖ್ಯ ಪೆಟ್ಟಿಗೆ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಬೇಕು, ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಅದರ ಡಿ.ಎಚ್.ಸಿ.ಪಿ.ಯನ್ನು ಆಫ್ ಮಾಡಬೇಕು, ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ (WAN, ಹೊರಗಿನ ಇಂಟರ್‌ನೆಟ್ ತಂತಿಗೆಂದು ಇರುವ ಪೋರ್ಟು) ಎಂದು ಬರೆದಿರುವಲ್ಲಿ ಸಿಕ್ಕಿಸದೆ ಲ್ಯಾನ್ ಪೋರ್ಟಿಗೆ ಸಿಕ್ಕಿಸಬೇಕು. ವ್ಯಾನ್‌ಗೆ ಸಿಕ್ಕಿಸಿದರೆ ಮೇಲಿನದು ಪ್ರತ್ಯೇಕ ನೆಟ್‌ವರ್ಕ್ ಆಗಿಬಿಡುತ್ತದೆ. ಇಂಟರ್‌ನೆಟ್ ಬರುತ್ತದೆ, ಆದರೆ ಕೆಳಗಿನ ಟಿ.ವಿ.ಗೆ ಮೇಲಿನ ಕಂಪ್ಯೂಟರು ಕಾಣುವುದೇ ಇಲ್ಲ. ಅತಿಥಿಗಳಿಗೆಂದು ಬೇರೆ ಇಟ್ಟಿರುವ ಗೆಸ್ಟ್ ವೈ-ಫೈಗೆ ಸೇರಿಸಿದ ಟಿ.ವಿ.ಗೂ ಇದೇ ಗತಿ.

ವಿಡಿಯೋ ಹಂಚುವ ಕಂಪ್ಯೂಟರಿನಲ್ಲಿ ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಬಹುದು, ಟಿ.ವಿ.ಯಲ್ಲಿ ವಿ.ಎಲ್.ಸಿ. ಅಥವಾ ಕೋಡಿ ಎಂಬ ವಿಡಿಯೋ ಓಡಿಸುವ ಆ್ಯಪ್ ಇದ್ದರೆ ಹಂಚಿಕೊಂಡ ಫೋಲ್ಡರಿನಿಂದ ನೇರವಾಗಿಯೂ ಓಡಿಸಬಹುದು. ಟಿ.ವಿ. ಅರಿಯದ ಮಾದರಿಯ ಕಡತವಾದರೆ ಜೆಲ್ಲಿಫಿನ್ ಅದನ್ನು ಆಗಿಂದಾಗಲೇ ಬೇರೆ ರೂಪಕ್ಕೆ ಬದಲಿಸಿ ಕಳಿಸುತ್ತದೆ, ಮತ್ತು ಹಳೆಯ ಲ್ಯಾಪ್‌ಟಾಪ್ 4ಕೆ ವಿಡಿಯೋದೊಂದಿಗೆ ಹಾಗೆ ಏಗಲಾರದೆ ಸೋಲುತ್ತದೆ. ಆಗ ಚಿತ್ರ ನಿಲ್ಲುವುದಕ್ಕೆ ನೆಟ್‌ವರ್ಕ್ ಕಾರಣವಲ್ಲ. ವಿಡಿಯೋ ಪ್ರತಿಸಲವೂ ಒಂದೇ ದೃಶ್ಯದಲ್ಲಿ ಮುಗ್ಗರಿಸುತ್ತಿದ್ದರೆ ಕಡತವನ್ನೋ ಟಿ.ವಿ.ಯ ಸಾಮರ್ಥ್ಯವನ್ನೋ ಅನುಮಾನಿಸಬೇಕು. ಎಲ್ಲೆಂದರಲ್ಲಿ, ಅದರಲ್ಲಿಯೂ ನೆರೆಹೊರೆಯವರೆಲ್ಲ ಮನೆಯಲ್ಲಿರುವ ಸಂಜೆಯ ಹೊತ್ತು ನಿಲ್ಲುತ್ತಿದ್ದರೆ ವೈ-ಫೈಯನ್ನು ಅನುಮಾನಿಸಬೇಕು. ಅದೇ ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಟಿ.ವಿ.ಗೆ ಸಿಕ್ಕಿಸಿದಾಗ ಸರಾಗವಾಗಿ ಓಡಿದರೆ ಟಿ.ವಿ.ಯಲ್ಲಿ ದೋಷವಿಲ್ಲವೆಂದು ಖಚಿತವಾಗುತ್ತದೆ.

ಹಣ ಕೊಡುವ ಮೊದಲು ಪರೀಕ್ಷೆ

ಕೇಬಲ್ ಎಳೆದವರು ಟೆಸ್ಟರಿನಲ್ಲಿ ಎಂಟೂ ದೀಪ ಕ್ರಮವಾಗಿ ಹೊತ್ತುವುದನ್ನು ನಿಮ್ಮ ಕಣ್ಣೆದುರೇ ತೋರಿಸಬೇಕು. 100 ಮೆಗಾಬಿಟ್‌ಗೆ ನಾಲ್ಕೇ ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಆದ್ದರಿಂದ ಉಳಿದ ನಾಲ್ಕರಲ್ಲಿ ಒಂದು ಎಳೆ ಸರಿಯಾಗಿ ಕೂರದಿದ್ದರೂ ಇಂಟರ್‌ನೆಟ್ ಬರುತ್ತಲೇ ಇರಬಹುದು, ವೇಗ ಹತ್ತರಲ್ಲೊಂದಕ್ಕೆ ಇಳಿದದ್ದು ತಿಳಿಯುವುದೇ ಇಲ್ಲ. ಇದನ್ನು ಪತ್ತೆ ಹಚ್ಚಲು ಗಿಗಾಬಿಟ್ ಪೋರ್ಟಿರುವ ಎರಡು ಕಂಪ್ಯೂಟರುಗಳನ್ನು ಎರಡು ತುದಿಗೆ ಸಿಕ್ಕಿಸಿ ಐದಾರು ಜಿ.ಬಿ.ಯ ಒಂದು ಕಡತವನ್ನು ಇಲ್ಲಿಂದ ಅಲ್ಲಿಗೆ ನಕಲು ಮಾಡಬೇಕು. ಪರದೆಯ ಮೇಲೆ ಸೆಕೆಂಡಿಗೆ 11 ಎಂ.ಬಿ.ಯ (ಒಂದು ಎಂ.ಬಿ. ಎಂದರೆ 8 ಮೆಗಾಬಿಟ್) ಸುತ್ತ ನಿಂತಿದ್ದರೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ ಎಂದು ತಿಳಿಯಬೇಕು, 110ರ ಸುತ್ತ ಇದ್ದರೆ ಪೂರ್ಣ ಗಿಗಾಬಿಟ್ ಸಿಗುತ್ತಿದೆ. ಹಾರ್ಡ್ ಡಿಸ್ಕು ಹಳೆಯದಾಗಿದ್ದರೆ 60-70ರಲ್ಲಿ ನಿಲ್ಲಬಹುದು, ಅದು ಕೇಬಲ್ಲಿನ ದೋಷವಲ್ಲ. ವೈ-ಫೈ ಹಾದಿಯನ್ನು ಅಳೆಯಲು ಐಪರ್ಫ್ ಎಂಬ ಉಚಿತ ಸಾಧನ ಇನ್ನೂ ನಿಖರ. ಇಂಟರ್‌ನೆಟ್ ವೇಗ ತೋರಿಸುವ ಜಾಲತಾಣಗಳು ಹೊರಗಿನ ಸಂಪರ್ಕವನ್ನು ಅಳೆಯುವುದರಿಂದ ಇಲ್ಲಿ ಉಪಯೋಗಕ್ಕೆ ಬಾರವು.

ಕೊನೆಯ ಕೆಲಸವೆಂದರೆ ಕರೆಂಟು ಹೋದಾಗಿನ ವ್ಯವಸ್ಥೆ. ಟಿ.ವಿ. ಯು.ಪಿ.ಎಸ್. ಲೈನಿನಲ್ಲಿದ್ದು ಮಹಡಿಯ ಸ್ವಿಚ್ ನೇರ ಲೈನಿನಲ್ಲಿದ್ದರೆ ವಿಡಿಯೋ ಅರ್ಧಕ್ಕೇ ನಿಲ್ಲುತ್ತದೆ. ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್ ಮೂರೂ ಬಳಸುವ ವಿದ್ಯುತ್ ಬಹಳ ಕಡಿಮೆಯಾದ್ದರಿಂದ ಮೂರನ್ನೂ ಯು.ಪಿ.ಎಸ್. ಇರುವ ಪ್ಲಗ್ಗಿಗೇ ವರ್ಗಾಯಿಸಬಹುದು. ಮನೆಯಲ್ಲಿ ಇನ್ವರ್ಟರ್ ಇಲ್ಲದವರು ರೂಟರಿಗೆಂದೇ ಬರುವ ಚಿಕ್ಕ ಬ್ಯಾಟರಿ ಪೆಟ್ಟಿಗೆ ಕೊಳ್ಳುವುದಾದರೆ, ತಮ್ಮ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೋ, 9 ಎಂದಿದೆಯೋ, 5 ಎಂದಿದೆಯೋ ನೋಡಿ, ಆಂಪಿಯರ್ ಕೂಡ ಬರೆದುಕೊಂಡು ಅಂಗಡಿಗೆ ಹೋಗಬೇಕು. ಪಿನ್ನು ಹೊಂದಿದರೂ ವೋಲ್ಟೇಜ್ ಹೊಂದದಿದ್ದರೆ ಪೆಟ್ಟಿಗೆ ಸುಟ್ಟುಹೋಗಬಹುದು.